ಅಪ್‌ಡೇಟ್: ವಿಶ್ವವಿದ್ಯಾಲಯದ ಲೋಗೋ ಇರುವ ಟೀ ಶರ್ಟ್ ಆರ್ಡರ್ ಏನಾಯ್ತು

ಹೋದ ತಿಂಗಳು ಕೇಳಿದ್ದೆ: ಮಂಗಳೂರಿನ ಹಂಪನಕಟ್ಟೆಯಲ್ಲಿ ನನ್ನದು ಸಣ್ಣ ಪ್ರಿಂಟಿಂಗ್ ಅಂಗಡಿ. ಹಳೇ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯದ ಲೋಗೋ ಹಾಕಿ 120 ಟೀ ಶರ್ಟ್ ಕೇಳಿದ್ದಾರೆ, ಮಾಡಬಹುದಾ ಅಂತ. "ಅವರು ಓದಿದ್ದೇ ಅಲ್ಲಿ ಅಲ್ವಾ, ಸುಮ್ನೆ ಮಾಡಿ" ಅಂದವರೇ ಜಾಸ್ತಿ. ಹಾಗೆ ಸುಮ್ನೆ ಮಾಡದೇ ಇದ್ದದ್ದು ಒಳ್ಳೆಯದಾಯ್ತು.

ಮೊದಲು ಟ್ರೇಡ್ ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕಿದೆ. ದುಡ್ಡೇನೂ ಬೇಕಿಲ್ಲ. ಅಲ್ಲಿ ಸರಕು, ಸೇವೆಗಳನ್ನು ಕ್ಲಾಸು ಅಂತ ವಿಂಗಡಿಸಿರುತ್ತಾರೆ. ಲೋಗೋ 41ನೇ ಕ್ಲಾಸಿನಲ್ಲಿ, ಅಂದರೆ ಶಿಕ್ಷಣಕ್ಕೆ, ನೋಂದಣಿಯಾಗಿತ್ತು. ಬಟ್ಟೆಯದ್ದು 25ನೇ ಕ್ಲಾಸು, ಅಲ್ಲಿ ಇರಲಿಲ್ಲ. ದಾರಿ ಸಿಕ್ಕಿತು ಅಂತ ಖುಷಿಪಟ್ಟೆ. ಪರಿಚಯದ ವಕೀಲರು ನಕ್ಕರು. ಹೆಸರು ಮಾಡಿದ ಗುರುತಾದರೆ ಬೇರೆ ಕ್ಲಾಸಿನ ಸರಕಿಗೆ ಬಳಸಿದರೂ 1999ರ ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಸಿಕ್ಕಿಬೀಳಬಹುದಂತೆ. ಲೋಗೋ ಚಿತ್ರದ ಕಾಪಿರೈಟ್ ಬೇರೆಯೇ ವಿಷಯ.

ಕೊನೆಗೆ ಸ್ಯಾಂಪಲ್ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೇ ಹೋದೆ. ಮೂರು ಸಲ ಅಲೆದಾಟ, ಬಿಡಿ. ಅಲ್ಲೊಬ್ಬರು ಸ್ಕೇಲ್ ಇಟ್ಟು ಲೋಗೋ ಅಳೆದರು. ನಾನು ನೆಟ್‌ನಿಂದ ಇಳಿಸಿಕೊಂಡಿದ್ದರಲ್ಲಿ ದೀಪದ ಜ್ವಾಲೆ ಕೇಸರಿ, ಅವರದ್ದು ಹಳದಿ! ನನಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಎರಡು ಪುಟದ ಲೈಸೆನ್ಸ್ ಕೊಟ್ಟರು. ಈ 120ಕ್ಕೆ ಮಾತ್ರ, ಅವರು ಕೊಟ್ಟ ಫೈಲನ್ನೇ ಬಳಸಬೇಕು, ಅಂಗಡಿಯಲ್ಲಿ ಮಾರುವಂತಿಲ್ಲ, ಪ್ರಿಂಟ್‌ಗೆ ಮೊದಲು ಸ್ಯಾಂಪಲ್ ಒಪ್ಪಿಸಬೇಕು. ರಾಯಲ್ಟಿ ಕೇಳಲಿಲ್ಲ. 25ನೇ ಕ್ಲಾಸಿಗೂ ಅರ್ಜಿ ಹಾಕುತ್ತಾರಂತೆ.

ಶನಿವಾರ ಡೆಲಿವರಿ ಆಯ್ತು. ಕೇಸರಿ ಜ್ವಾಲೆಯ ಸ್ಯಾಂಪಲ್ ಈಗ ಅಂಗಡಿಯಲ್ಲಿ ಇಂಕ್ ಒರೆಸುವ ಬಟ್ಟೆ.