ಹಿರಿಯರಷ್ಟೇ ಇರುವ ಮನೆಗಳು: ಸಹಾಯಕ್ಕೆ ಜನ ಇದ್ದಾರೆ, ಕೊಂಡಿ ಇಲ್ಲ

ಮನೆ 11 (ಸಂಚಾಲಕರು): ಹಿರಿಯರಷ್ಟೇ ಇರುವ ಮನೆಗಳಿಗೆ ಸಹಾಯ ಜೋಡಿಸುವ ವಿಷಯ ಹೋದ ಸಭೆಯಲ್ಲಿ ಅರ್ಧಕ್ಕೆ ನಿಂತಿತು, ನಿವಾಸಿಗಳ ಈ ಮೆಸೇಜ್ ಗುಂಪಿನಲ್ಲಿ ಮುಂದುವರಿಸೋಣ. ನಮ್ಮಲ್ಲಿ ಸಹಾಯ ಮಾಡುವವರಿಗೆ ಕೊರತೆಯಿಲ್ಲ. ಡಾಕ್ಟರು, ಮನೆಗೆ ಬರುವ ನರ್ಸ್, ಕೆಲಸದವರು, ದೂರದಲ್ಲಿರುವ ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ಇದ್ದಾರೆ. ಆದರೆ ಮಾತ್ರೆ ಬದಲಾದದ್ದು ಕೆಲಸದವರಿಗೆ ಗೊತ್ತಿರುವುದಿಲ್ಲ, ಊಟ ಕಡಿಮೆಯಾದದ್ದು ಡಾಕ್ಟರ ಕಿವಿಗೆ ಬೀಳುವುದಿಲ್ಲ. ಇದನ್ನು ಜೋಡಿಸುವುದು ಹೇಗೆ, ಅಷ್ಟೇ ಬರೆಯಿರಿ. ಶುಭೋದಯದ ಚಿತ್ರಗಳಿಗೆ ಬೇರೆ ಗುಂಪಿದೆ.

ಮನೆ 24 (ನರ್ಸ್): ಒಂದು ಹಾಳೆಯಿಂದ ಶುರು ಮಾಡೋಣ. ಪ್ರತಿ ಮನೆಯ ಮುಂಬಾಗಿಲ ಒಳಬದಿಗೆ ಒಂದು ಫೈಲ್ ನೇತುಹಾಕಿ, ಅದರ ಮೊದಲ ಪುಟದಲ್ಲಿ ಇಷ್ಟು ಇರಲಿ: ಇರುವ ಕಾಯಿಲೆಗಳು, ಯಾವ ಔಷಧಿ ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆ ಉಂಟೋ ಇಲ್ಲವೋ (ದಪ್ಪಕ್ಷರದಲ್ಲಿ), ಮೊದಲು ಯಾರಿಗೆ ಫೋನ್ ಮಾಡಬೇಕು, ಆಮೇಲೆ ಯಾರಿಗೆ, ಬದಲಿ ಕೀಲಿ ಯಾರ ಹತ್ತಿರ.

ಎಲ್ಲರೂ ಬಿಟ್ಟುಬಿಡುವ ಸಾಲು ಒಂದಿದೆ: ಅವರು ಮಾಮೂಲಾಗಿ ಹೇಗಿರುತ್ತಾರೆ ಎನ್ನುವುದು. ಕೋಲು ಹಿಡಿದು ನಡೆಯುತ್ತಾರಾ, ಕಿವಿ ಯಂತ್ರ ಹಾಕುತ್ತಾರಾ, ತಾರೀಖು, ವಾರ ಸರಿಯಾಗಿ ಹೇಳುತ್ತಾರಾ. ಆಸ್ಪತ್ರೆಯಲ್ಲಿ ಅವರನ್ನು ಮೊದಲ ಸಲ ನೋಡುವ ಡಾಕ್ಟರಿಗೆ ಇದೇ ಮುಖ್ಯ. ನಿನ್ನೆವರೆಗೆ ಸರಿಯಿದ್ದವರು ಇವತ್ತು ಗೊಂದಲದಲ್ಲಿ ಏನೇನೋ ಮಾತಾಡಿದರೆ ಅದು ಸಾಮಾನ್ಯವಾಗಿ ಮರೆವಿನ ಕಾಯಿಲೆಯಲ್ಲ. ಸೋಂಕು, ನೀರಿನಂಶದ ಕೊರತೆ, ಮಲಬದ್ಧತೆ, ಹೊಸ ಮಾತ್ರೆ, ಹೆಚ್ಚಾಗಿ ಇಂಥ ಯಾವುದೋ ಕಾರಣ ಇರುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದ ಗೊಂದಲವನ್ನು "ವಯಸ್ಸಾಯ್ತಲ್ಲ" ಎಂದು ಬಿಡಬೇಡಿ, ಆವತ್ತೇ ತೋರಿಸಿ.

ಹಾಳೆಯ ಮೇಲೆ ತಾರೀಖು ಕಡ್ಡಾಯ. ಮಾತ್ರೆ ಬದಲಾದ ದಿನವೇ ಹೊಸ ಹಾಳೆ ಬರೆದು ಹಳೆಯದನ್ನು ಹರಿದು ಹಾಕಬೇಕು. ಎರಡೂ ಫೈಲಿನಲ್ಲಿ ಉಳಿದರೆ ಅವಸರದಲ್ಲಿ ಹಳೆಯದೇ ಕೈಗೆ ಸಿಗುತ್ತದೆ.

ಮನೆ 3: ನಾನು ನೀವು ಹೇಳುತ್ತಿರುವ "ಹಿರಿಯರ" ಪಟ್ಟಿಯಲ್ಲಿರುವವನು. ಮೊದಲು ಎರಡು ಷರತ್ತು. ಯಾರ ಕಾಯಿಲೆಯ ವಿವರವೂ ಈ ಗುಂಪಿಗೆ ಬರಬಾರದು. ಯಾವ ಮಾಹಿತಿ ಯಾರಿಗೆ ಎಂದು ಆಯಾ ಮನೆಯವರೇ ಬರೆದು ಸಹಿ ಹಾಕಲಿ, ಬೇಡ ಅನಿಸಿದ ದಿನ ವಾಪಸ್ ತಗೊಳ್ಳಲಿ. ಎರಡನೆಯದು, ಮನೆಯೊಳಗೆ ಕ್ಯಾಮೆರಾ ಎನ್ನುವ ಮಾತು ಎತ್ತಬೇಡಿ. ನಮಗೆ ಬೇಕಾಗಿರುವುದು ಆಸರೆ, ಕಾವಲು ಅಲ್ಲ.

ಮನೆ 24 (ನರ್ಸ್): ಒಪ್ಪಿದೆ ಸರ್. ಇನ್ನೊಂದು ಸೇರಿಸುತ್ತೇನೆ. ಅವರಿಂದ ಆಗುವ ಕೆಲಸವನ್ನು ನಾವು ಕಿತ್ತುಕೊಂಡರೆ ಆ ಶಕ್ತಿಯೇ ಹೋಗುತ್ತದೆ. ಸ್ನಾನ, ಬಟ್ಟೆ, ಶೌಚ, ಮಂಚದಿಂದ ಏಳುವುದು, ಊಟ ಮಾಡುವುದು, ಇವು ಒಂದು ಪಟ್ಟಿ. ಬಿಲ್ ಕಟ್ಟುವುದು, ಸಾಮಾನು ತರುವುದು, ಅಡುಗೆ, ಓಡಾಟ, ಮಾತ್ರೆಯ ಲೆಕ್ಕ, ಇವು ಇನ್ನೊಂದು. ಸಾಮಾನ್ಯವಾಗಿ ಎರಡನೇ ಪಟ್ಟಿ ಮೊದಲು ಜಾರುತ್ತದೆ. ಯಾವ ಸಾಲು ಜಾರಿದೆಯೋ ಅದಕ್ಕಷ್ಟೇ ಕೈ ಹಾಕೋಣ.

ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯರ ಸಮಗ್ರ ಆರೈಕೆಯ ಕೈಪಿಡಿ ಆರು ವಿಷಯ ನೋಡಲು ಹೇಳುತ್ತದೆ: ನೆನಪು, ನಡಿಗೆ, ಪೋಷಣೆ, ದೃಷ್ಟಿ, ಕಿವಿ, ಮನಸ್ಸು. ತರಬೇತಿ ಪಡೆದ ಸ್ವಯಂಸೇವಕರೂ ಇದರ ಮೊದಲ ಹಂತ ಮಾಡಬಹುದು. ತೂಕ ಮರೆಯಬೇಡಿ. ಪ್ರಯತ್ನವಿಲ್ಲದೆ 3 ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ತಿಂಗಳಿಗೊಮ್ಮೆ, ಅದೇ ತೂಕದ ಯಂತ್ರದಲ್ಲಿ.

ಮನೆ 7 (ಫಿಸಿಯೋಥೆರಪಿಸ್ಟ್): ಬೀಳುವುದರ ಬಗ್ಗೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ದಿನಾ ಹಾಕುವ ಚಪ್ಪಲಿ, ದಿನಾ ಹಿಡಿಯುವ ಕೋಲು, ದಿನಾ ನಡೆಯುವ ವೇಗ. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಾಗಿ ನಿಂತಿರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯವಿದೆ ಎಂದು ಲೆಕ್ಕ.

ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಎನ್ನುವವರಿಗೆ 5 ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೇಲೆ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಕೂತೇ ಬಿಪಿ ನೋಡಿದರೆ ಇದು ಸಿಕ್ಕುವುದೇ ಇಲ್ಲ.

ಕೋಲಿನ ಎತ್ತರ: ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯವರೆಗೆ. ಹಿಡಿಯುವುದು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ. ಬಹಳ ಜನ ಉಲ್ಟಾ ಹಿಡಿದಿರುತ್ತಾರೆ. ತುದಿಯ ರಬ್ಬರ್ ಬುಡ್ಡಿ ಸವೆದು ನುಣುಪಾದರೆ ಕೋಲೇ ಜಾರುತ್ತದೆ.

ಬಿದ್ದವರನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ದಯವಿಟ್ಟು. ಮೊದಲು ಮಾತಾಡಿಸಿ. ಸೊಂಟ, ಕತ್ತಿನಲ್ಲಿ ನೋವು, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲುಗಾಡಿಸದೆ ಆಂಬುಲೆನ್ಸ್. ಏನೂ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಮೊಣಕಾಲು ಮತ್ತು ಅಂಗೈ ಊರಿ, ಮುಂದೆ ಇಟ್ಟ ಗಟ್ಟಿ ಕುರ್ಚಿಯ ಆಸನ ಹಿಡಿದು, ಬಲವಿರುವ ಕಾಲನ್ನು ಮುಂದಿಟ್ಟು ಅವರೇ ಏಳಲಿ. ಹಿಂದಿನಿಂದ ಇನ್ನೊಂದು ಕುರ್ಚಿ ತಳ್ಳಿ ಕೂರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ಅವರು ಚೆನ್ನಾಗಿಯೇ ಇದ್ದರೂ ಆಸ್ಪತ್ರೆಗೆ ಹೋಗಬೇಕು.

ಮನೆ 19 (ಸಿವಿಲ್ ಎಂಜಿನಿಯರ್): ಬಚ್ಚಲಿನ ಟವೆಲ್ ಕಂಬಿ ಹಿಡಿದು ಏಳುವ ಮನೆಗಳೇ ಹೆಚ್ಚು. ಅದು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ. ಗಾಳಿಯ ಹಿಡಿತದಲ್ಲಿ ಅಂಟುವ ಹಿಡಿಕೆಗಳೂ ಬೇಡ, ಸೋಪಿನ ಪಸೆ ಸೇರಿದರೆ ಕಳಚಿ ಬರುತ್ತವೆ. ಹಿಡಿಕೆ 32ರಿಂದ 38 ಮಿ.ಮೀ. ದಪ್ಪ ಇರಲಿ, ಗೋಡೆಗೂ ಅದಕ್ಕೂ 38 ಮಿ.ಮೀ. ಅಂತರ. ಅಂತರ ಜಾಸ್ತಿಯಾದರೆ ಜಾರುವಾಗ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತದೆ. ಅಡ್ಡ ಹಿಡಿಕೆಯ ಎತ್ತರ ನೆಲದಿಂದ ಸುಮಾರು 84ರಿಂದ 91 ಸೆಂ.ಮೀ., ಆದರೆ ಬಳಸುವವರನ್ನು ನಿಲ್ಲಿಸಿ ಅಳೆದೇ ಗುರುತು ಹಾಕಿ. ಕನಿಷ್ಠ 113 ಕಿಲೋ ಭಾರ ತಡೆಯಬೇಕು.

ಟೈಲ್ಸ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಆ ಜಾಗ ಬಿಡಿ. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಸುತ್ತಿಗೆ ಹೊಡೆತ ಬಂದ್ ಮಾಡಿ, ಗೋಡೆ ಸಿಕ್ಕ ಮೇಲೆ ಶುರು ಮಾಡಿ. ಆಂಕರ್ (ಹಿಡಿಕೆಯನ್ನು ಗೋಡೆಗೆ ಬಿಗಿಯುವ ಬೋಲ್ಟ್) ಹಿಂದಿನ ಗೋಡೆಯಲ್ಲಿ ಕೂರಬೇಕು, ಟೈಲ್ಸ್‌ನಲ್ಲಲ್ಲ. ಟೊಳ್ಳು ಬ್ಲಾಕ್ ಗೋಡೆಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಟೊಳ್ಳು ಗೋಡೆಗೆಂದೇ ಮಾಡಿದ ಆಂಕರ್ ಹಾಕಿ.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಅಡ್ಡವಾಗುತ್ತದೆ. ಚಿಲಕದ ಬದಲು ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಲಾಕ್. ಮೆಟ್ಟಿಲ ಬದಲು ಇಳಿಜಾರು ಬೇಕಾದವರಿಗೆ ಲೆಕ್ಕ 1:12, ಅಂದರೆ 15 ಸೆಂ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದ. ಜಾಗ ಇಲ್ಲ ಅಂತ ಕಡಿದಾಗಿ ಕಟ್ಟಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಮನೆ 38 (ಫಾರ್ಮಸಿಸ್ಟ್): ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಬೇರಿನ ಪುಡಿ, ಅಂಗಡಿಯಲ್ಲಿ ಕೇಳಿ ತಂದದ್ದು, ಎಲ್ಲವನ್ನೂ ಒಂದು ಮೇಜಿನ ಮೇಲೆ ಸುರಿಯಿರಿ. ಕಂಪನಿ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು ಬರೆಯಿರಿ. ಇಬ್ಬರು ಡಾಕ್ಟರು ಕೊಟ್ಟ ಎರಡು ಹೆಸರಿನ ಮಾತ್ರೆ ಒಂದೇ ಆಗಿರುವುದು ಆಗ ಕಾಣುತ್ತದೆ. ನೆಗಡಿ ಮಾತ್ರೆಯಲ್ಲೂ ನೋವಿನ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದು ತೀರಾ ಸಾಮಾನ್ಯ.

ವಿಶೇಷ ಎಚ್ಚರಿಕೆ ಮೆಥೊಟ್ರೆಕ್ಸೇಟ್‌ಗೆ. ಸಂಧಿವಾತಕ್ಕೆ ಅದು ವಾರಕ್ಕೊಂದು ದಿನ ಮಾತ್ರ; ಗೊತ್ತಿಲ್ಲದೆ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ವಾರದ ಯಾವ ದಿನ ಎಂದು ಡಬ್ಬದ ಮೇಲೆ ಬರೆಯಿರಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ 4 ಗಂಟೆ ಅಂತರ ಬೇಕು. ನಿದ್ದೆ ಮಾತ್ರೆ ಮತ್ತು ಮಂಪರು ತರುವ ಅಲರ್ಜಿ ಮಾತ್ರೆ ಬೀಳಿಸುತ್ತವೆ, ಗೊಂದಲವನ್ನೂ ತರುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆ, ಮೂರ್ಛೆ ಮಾತ್ರೆ, ಕೆಲವು ಬಿಪಿ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬೇರೆಯೇ ತೊಂದರೆ.

ವಾರದ ಮಾತ್ರೆ ಡಬ್ಬವನ್ನು ಒಬ್ಬರು ತುಂಬಲಿ, ಇನ್ನೊಬ್ಬರು ಹಾಳೆ ನೋಡಿ ಸರಿಯೇ ಎಂದು ಪರೀಕ್ಷಿಸಲಿ. ತೇವ ತಾಗಬಾರದ ಮಾತ್ರೆಯನ್ನು ಸ್ಟ್ರಿಪ್ ಸಮೇತ ಕತ್ತರಿಸಿ ಹಾಕಿ. ನಿಧಾನವಾಗಿ ಕರಗುವ ಮಾತ್ರೆಯನ್ನು ನುಂಗಲಾಗದೆಂದು ಪುಡಿ ಮಾಡಬಾರದು, ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ.

ಮನೆ 30: ದಿನಾ ಬೆಳಿಗ್ಗೆ ಎಲ್ಲರೂ ಗುಂಪಿನಲ್ಲಿ ಒಂದು ಹೆಬ್ಬೆರಳು ಹಾಕಿದರೆ ಸಾಲದಾ? ಇಷ್ಟೆಲ್ಲ ಯಾಕೆ?

ಮನೆ 24 (ನರ್ಸ್): ಹಾಕದಿದ್ದರೆ ಯಾರು ಏನು ಮಾಡಬೇಕು ಎನ್ನುವುದೇ ಪ್ರಶ್ನೆ. ಗುಂಪಿನಲ್ಲಿ ಎಲ್ಲರೂ "ಬೇರೆಯವರು ನೋಡಿರುತ್ತಾರೆ" ಎಂದುಕೊಳ್ಳುತ್ತಾರೆ. ಒಬ್ಬರೇ ಒಬ್ಬರು ನಿಗದಿತ ವೇಳೆಗೆ ಫೋನ್ ಮಾಡಲಿ. ಎತ್ತದಿದ್ದರೆ 10 ನಿಮಿಷಕ್ಕೆ ಮತ್ತೊಮ್ಮೆ. ಆಗಲೂ ಇಲ್ಲದಿದ್ದರೆ ಪಕ್ಕದ ಮನೆಯವರು ಬಾಗಿಲು ತಟ್ಟಬೇಕು. ಉತ್ತರವಿಲ್ಲದಿದ್ದರೆ ಇಬ್ಬರು ಸೇರಿ ಬದಲಿ ಕೀಲಿಯಿಂದ ಒಳಗೆ ಹೋಗಬೇಕು. ಒಂದು ಗಂಟೆಗಿಂತ ಹೆಚ್ಚು ನೆಲದ ಮೇಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಒತ್ತಡಕ್ಕೆ ಸಿಕ್ಕ ಸ್ನಾಯು ಹಾಳಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಹಾಸುಗೆ ಹುಣ್ಣೂ ಆಗಬಹುದು.

ಫೋನ್ ಮಾಡಿದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ 4.5 ಗಂಟೆ ಮಿತಿ. ಅದು ಎಣಿಕೆಯಾಗುವುದು ಅವರು ಕೊನೆಯದಾಗಿ ಸರಿಯಾಗಿದ್ದ ಕ್ಷಣದಿಂದ, ನಾವು ಕಂಡ ಕ್ಷಣದಿಂದಲ್ಲ. ಒಂಟಿಯಾಗಿರುವವರ ವಿಷಯದಲ್ಲಿ ಆ ವೇಳೆ ಹೇಳಲು ನಿಮ್ಮ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಮನೆ 30: ಸರಿ ಮೇಡಂ, ಗೊತ್ತಾಯಿತು. ಕುತ್ತಿಗೆಗೆ ಹಾಕುವ ಅಲಾರಂ ಗುಂಡಿ?

ಮನೆ 7 (ಫಿಸಿಯೋಥೆರಪಿಸ್ಟ್): ಒಳ್ಳೆಯದೇ, ಸ್ನಾನಕ್ಕೆ ಹೋಗುವಾಗ ಬಿಚ್ಚಿ ಗೂಟಕ್ಕೆ ನೇತುಹಾಕದಿದ್ದರೆ. ನೀರಿಗೆ ತಡೆಯುವುದನ್ನೇ ತಗೊಳ್ಳಿ. ತಿಂಗಳಿಗೊಮ್ಮೆ ಬಚ್ಚಲಿನಿಂದಲೇ ಒತ್ತಿ ಪರೀಕ್ಷಿಸಿ.

ಮನೆ 45: ಹಣದ ವಿಷಯ ಖಂಡಿತವಾಗಿ ಬರೆಯಿರಿ. ಸ್ವಯಂಸೇವಕರು ಎಟಿಎಂ ಕಾರ್ಡ್, ಪಿನ್, ಒಟಿಪಿ ಮುಟ್ಟುವಂತಿಲ್ಲ. ಸಾಮಾನು ತಂದರೆ ರಸೀದಿ ಫೈಲಿಗೆ. ಬದಲಿ ಕೀಲಿಯ ಮೇಲೆ ಮನೆ ನಂಬರ್ ಬರೆಯಬಾರದು, ಗುರುತಿನ ಸಂಕೇತ ಸಾಕು.

ಮನೆ 24 (ನರ್ಸ್): ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಮೂರು ದಿನ ಕೊಂಡಿ ಹೆಚ್ಚು ಕಳಚುವ ಕಾಲ. ಬಂದ ದಿನವೇ ಡಿಸ್ಚಾರ್ಜ್ ಚೀಟಿಯನ್ನು ಹಳೆ ಹಾಳೆಯ ಪಕ್ಕ ಇಟ್ಟು ಯಾವ ಮಾತ್ರೆ ಹೊಸತು, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು ಎಂದು ಗುರುತಿಸಿ. ಚೀಟಿಯಲ್ಲಿ ಹೆಸರೇ ಇಲ್ಲದ ಹಳೆ ಮಾತ್ರೆ ಮುಂದುವರಿಯಬೇಕೇ ಎಂದು ಫೋನ್ ಮಾಡಿ ಕೇಳಿ. ಮರುಭೇಟಿಗೆ ಕರೆದುಕೊಂಡು ಹೋಗುವವರ ಹೆಸರು ಆವತ್ತೇ ಬರೆಯಿರಿ.

ಮನೆ 11 (ಸಂಚಾಲಕರು): ಹಾಗಾದರೆ ಹೀಗೆ. ಪ್ರತಿ ಮನೆಗೆ ಎಲ್ಲರನ್ನೂ ಜೋಡಿಸುವ ಒಬ್ಬ ಕೊಂಡಿ, ಒಬ್ಬ ಬದಲಿ. ಒಬ್ಬರಿಗೆ 3 ಮನೆಗಿಂತ ಹೆಚ್ಚು ಬೇಡ. ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಯೂರ್ಟ್‌ಜೋರ್ಗ್ ಎಂಬ ಮನೆ ಆರೈಕೆ ಸಂಸ್ಥೆಯ ನರ್ಸ್ ತಂಡಗಳಲ್ಲೂ ಹೆಚ್ಚೆಂದರೆ 12 ಜನ ಇರುತ್ತಾರೆ. ತಂಡ ಚಿಕ್ಕದಿದ್ದಷ್ಟು ಮುಖ ಪರಿಚಯ ಉಳಿಯುತ್ತದೆ. ಕೊಂಡಿ ಊರಿಗೆ ಹೋಗುವಾಗ ಫೈಲನ್ನೂ ಕೀಲಿಯನ್ನೂ ಬದಲಿಯವರ ಕೈಗೇ ಕೊಟ್ಟು ಹೋಗಬೇಕು. ಮೆಸೇಜ್ ಹಾಕಿದರೆ ಲೆಕ್ಕಕ್ಕಿಲ್ಲ. ಒಪ್ಪಿಗೆ ಪತ್ರದ ಕರಡು 45ರವರು ಮಾಡಲಿ. ಮೊದಲು ಯಾವ ಮನೆ?

ಮನೆ 3: ನನ್ನದೇ ಆಗಲಿ. ಮಾತ್ರೆಗಳನ್ನು ಮೇಜಿನ ಮೇಲೆ ಹಾಕಿರುತ್ತೇನೆ. 19ರವರು ಹಿಡಿಕೆಗೆ ಗುರುತು ಹಾಕಲು ಬರುವಾಗ 7ರವರನ್ನೂ ಕರೆತರಲಿ, ಎರಡು ಸಲ ಬಚ್ಚಲು ಒಣಗಿಸುವ ಕೆಲಸ ತಪ್ಪುತ್ತದೆ. ಬರುವ ಮೊದಲು ಫೋನ್ ಮಾಡಿ.