ಹಿತ್ಲಲ್ಲಿ ಫೈರ್ ಪಿಟ್ ಮಾಡಿಸ್ಬೇಕು, ಮಾಡಿಸಿದೋರು ಸ್ವಲ್ಪ ಹೇಳಿ

ಮೂಡಿಗೆರೆ ಕಡೆಯವ:
ಎಲ್ರಿಗೂ ನಮಸ್ಕಾರ. ಮನೆ ಹಿತ್ಲಲ್ಲಿ ಒಂದು ಫೈರ್ ಪಿಟ್ ಮಾಡಿಸೋಣ ಅಂತಿದೀನಿ, ಡಿಸೆಂಬರ್ ರಜಕ್ಕೆ ಅಕ್ಕ ತಂಗಿಯರ ಮಕ್ಳೆಲ್ಲ ಬರ್ತಾರೆ, ಒಂದು ಹತ್ತು ಜನ ಕೂತು ಚಳಿ ಕಾಯಿಸ್ಕೊಳೋ ಹಾಗಿರ್ಬೇಕು. ಮೇಸ್ತ್ರಿ ಸೈಜುಗಲ್ಲು, ಸಿಮೆಂಟ್ ಗಾರೆಲಿ ಕಟ್ಕೊಡ್ತೀನಿ ಅಂತಾನೆ. ಭಾವ ನೋಡಿದ್ರೆ ಬಾವಿಗಿಳ್ಸೋ ಸಿಮೆಂಟ್ ರಿಂಗ್ ತಂದಿಟ್ರೆ ಮುಗೀತು ಅಂತಾರೆ. ಯಾವ್ದು ಸರಿ? ಅಳತೆ ಎಷ್ಟಿರ್ಬೇಕು?

ಕೊಪ್ಪದ ತೋಟದ ಮನೆ:
ಎರಡೂ ಬೇಡ ಮಾರಾಯ್ರೆ. ಸಿಮೆಂಟ್ ರಿಂಗು ಉರಿ ತಾಗಿದ ಕಡೆ ಬಿರುಕು ಬಿಡತ್ತೆ, ಒಳಗಿರೋ ತೇವ ಆವಿಯಾಗಿ ಒತ್ತಿದ್ರೆ ಚೂರು ಸಿಡಿಯತ್ತೆ. ಸೈಜುಗಲ್ಲಿನ ಕಥೆ ಇನ್ನೊಂದು. ಹಿಂದೆ ಬಂಡೆ ಕೆಲ್ಸದೋರು ಕಲ್ಲೆಬ್ಸ್ತಿದ್ದಿದ್ದೇ ಬಂಡೆ ಮೇಲೆ ಸೌದೆ ಉರಿ ಹಾಕಿ, ಮೇಲ್ಪದರ ಕಾದು ಹಿಗ್ಗತ್ತೆ, ಕೆಳಗಿಂದು ತಣ್ಣಗೇ ಇರತ್ತೆ, ಚಪ್ಪಡಿ ಎದ್ದು ಬರತ್ತೆ, ಅದೇ ಕೆಲ್ಸ ಮಕ್ಳು ಕೂತಿರೋ ಜಾಗದಲ್ಲಿ ಆಗೋದು ಬೇಡ ಅಲ್ವಾ. ಹೊಳೆಯ ಗುಂಡುಕಲ್ಲು ಚಂದ ಕಾಣತ್ತೆ ಅಂತ ತರೋರು ಇದಾರೆ, ನೀರು ಕುಡ್ದಿರೋ ಕಲ್ಲು ಅದು, ಉರಿ ಹತ್ರ ಇಡ್ಲೇಬೇಡಿ.

ಉರಿ ತಾಗೋ ಒಳಸುತ್ತಿಗೆ ಫೈರ್ ಬ್ರಿಕ್ (ಹೆಚ್ಚು ಕಾವು ತಡ್ಕೊಳೋ ಇಟ್ಟಿಗೆ), ಸಿಗ್ದಿದ್ರೆ ಚೆನ್ನಾಗಿ ಬೆಂದ ಇಟ್ಟಿಗೆ. ಗಾರೆಗೆ ಹುತ್ತದ ಮಣ್ಣು, ಸ್ವಲ್ಪ ಮರಳು, ನಮ್ಮನೆ ಬಚ್ಚಲ ಒಲೆ ಕಟ್ಟಿರೋದೂ ಅದ್ರಲ್ಲೇ. ಸಿಮೆಂಟ್ ಗಾರೆ ಹೆಚ್ಚು ಕಾವಿಗೆ ಸತ್ತು ಪುಡಿಯಾಗಿ ಉದ್ರತ್ತೆ. ಮೇಸ್ತ್ರಿಗೆ ಸೈಜುಗಲ್ಲೇ ಬೇಕು ಅಂದ್ರೆ ಹೊರಸುತ್ತಿಗೆ ಹಾಕ್ಲಿ, ಮಧ್ಯೆ ಎರಡಿಂಚು ಬಿಟ್ಟು ಒಣ ಮರಳು ತುಂಬ್ಸಿ, ಕಾವು ಕಲ್ಲಿಗೆ ನೇರ ಹೋಗಲ್ಲ.

ಅಳತೆ: ಒಳಗೆ ಮೂರಡಿ ಅಗಲ ಸಾಕು. ನಾಲ್ಕೈದು ಅಡಿ ಮಾಡಿಸಿದ್ರೆ ಸೌದೆ ತಿನ್ನತ್ತೆ ಅಷ್ಟೇ, ಹತ್ರ ಕೂರೋಕೂ ಆಗಲ್ಲ. ನೆಲದಿಂದ ಒಂದು ಒಂದೂಕಾಲಡಿ ಎತ್ತರ, ಬುಡದಲ್ಲಿ ನಾಲ್ಕು ಕಡೆ ಗಾಳಿ ಕಂಡಿ. ಗೋಡೆ ಸೇರಿ ಹೊರಗಿಂದ ಹೊರಗೆ ಐದಡಿ ಆಗತ್ತೆ, ಅಲ್ಲಿಂದ ಸುತ್ತ ನಾಲ್ಕಡಿ ಬಿಟ್ಟು ಕಟ್ಟೆ ಹಾಕಿದ್ರೆ ಸುತ್ತಳತೆ ನಲವತ್ತಡಿ ಚಿಲ್ಲರೆ, ಒಬ್ರಿಗೆ ಎರಡಡಿ ಅಂದ್ರೂ ಹತ್ತು ಜನ ಅರ್ಧ ಸುತ್ತಲ್ಲೇ ಕೂರ್ತಾರೆ. ಇನ್ನರ್ಧ ಖಾಲಿ ಬಿಡಿ. ಯಾವ ಅರ್ಧ ಅಂತ ಗೊತ್ತಾಗ್ಬೇಕಾದ್ರೆ ರಾತ್ರಿ ಊಟ ಆದ್ಮೇಲೆ ಅಲ್ಲಿ ಒಂದು ಊದ್ಬತ್ತಿ ಹಚ್ಚಿಟ್ಟು ಹೊಗೆ ಎತ್ಲಾಗೆ ಹೋಗತ್ತೆ ನೋಡಿ, ಒಂದಿನ ಅಲ್ಲ, ಬೇರೆ ಬೇರೆ ದಿನ. ಹೊಗೆ ಹೋಗೋ ಕಡೆ ಕಟ್ಟೆ ಬೇಡ, ಅಡಿಗೆಮನೆ ಕಿಟಕಿಯೂ ಆ ಕಡೆ ಇರ್ಬಾರ್ದು.

ತೀರ್ಥಹಳ್ಳಿ:
ಮಳೆ ಬಗ್ಗೆ ಯಾರೂ ಹೇಳ್ಲಿಲ್ಲ. ತಳಕ್ಕೆ ಕಾಂಕ್ರೀಟ್ ಹಾಕಿಸಿದ್ರೆ ಜೂನಿಂದ ಅದು ಸೊಳ್ಳೆ ಸಾಕೋ ತೊಟ್ಟಿ. ಒಂದೂವರೆ ಅಡಿ ಅಗೆದು ಜಲ್ಲಿ ತುಂಬಿ, ಜಲ್ಲಿ ತಳದಿಂದ ಇಳಿಜಾರಿನ ಕಡೆಗೆ ಒಂದು ಪೈಪ್ ಕೊಡಿ. ಮೇಲೆ ತಗಡಿನ ಮುಚ್ಚಳ. ಮಳೆಗಾಲ ಮುಗಿದ್ಮೇಲೆ ಮೊದಲ್ನೇ ಸಲ ಚಿಕ್ಕ ಉರಿ ಹಾಕಿ ನಿಧಾನಕ್ಕೆ ಒಣಗಿಸಿ, ಇಟ್ಟಿಗೆ ಪೂರ್ತಿ ನೀರು ಕುಡ್ದಿರತ್ತೆ.

ಧಾರವಾಡದಾಂವ:
ಸುತ್ತಲಿನ ನೆಲಕ್ಕ ಶಾಬಾದಿ ಫರ್ಸಿ ಹಾಕಸ್ತೀನಿ ಅಂದ್ರ ಒಂದ್ ಮಾತ್ ಹೇಳ್ತೀನ್ರಿ, ಅದು ಪದರ ಪದರ ಕಲ್ಲು, ಮ್ಯಾಲೆ ಕೆಂಡ ಬಿತ್ತಂದ್ರ ಚಟ್ ಅಂತ ಸಿಡೀತೈತಿ. ನಮ್ಮ ಓಣ್ಯಾಗ ಹೋಳಿ ಉರಿ ಫರ್ಸಿ ಮ್ಯಾಲೆ ಹಾಕಿ ಏನಾತು ನೋಡೀನಿ. ದಪ್ಪ ಜಲ್ಲಿ ಹರವ್ರಿ, ಸಾಕು.

ಅಮೆರಿಕಾದಿಂದ:
ನಮ್ಮ ಕಡೆ ಬಹಳ ಊರುಗಳು ಪಾಲಿಸೋ ಇಂಟರ್‌ನ್ಯಾಷನಲ್ ಫೈರ್ ಕೋಡ್ ಪ್ರಕಾರ ಇಂಥ ಬೆಂಕಿಗೆ ಒಟ್ಟೋ ಸೌದೆ ಮೂರಡಿ ಅಗಲ ಎರಡಡಿ ಎತ್ತರ ಮೀರ್ಬಾರ್ದು, ಮನೆಯಿಂದ 25 ಅಡಿ ದೂರ ಇರ್ಬೇಕು, ಉರಿ ಇರೋವರೆಗೂ ಒಬ್ರು ಕಾವಲಿರ್ಬೇಕು, ನೀರೋ ಮರಳೋ ಪಕ್ಕದಲ್ಲಿರ್ಬೇಕು. ಅಗೆಯೋಕೆ ಮುಂಚೆ 811ಕ್ಕೆ ಫೋನ್ ಮಾಡಿದ್ರೆ ಗ್ಯಾಸು, ಕರೆಂಟು ಲೈನ್ ಎಲ್ಲಿದೆ ಅಂತ ಬಂದು ಗುರುತು ಹಾಕಿ ಹೋಗ್ತಾರೆ, ದುಡ್ಡಿಲ್ಲ. ಊರಲ್ಲಾದ್ರೆ ಬೋರಿನ ಕೇಬಲ್ಲು, ಡ್ರಿಪ್ ಪೈಪು ಎಲ್ಲಿ ಹೂತಿದೀವಿ ಅಂತ ಮನೆ ಹಿರಿಯರನ್ನೇ ಕೇಳ್ಬೇಕು.

ಸಕಲೇಶಪುರ:
ಹೊಗೆ ಜಾಸ್ತಿ ಅಂತ ಎಲ್ರೂ ಗುಂಡೀನ ಬೈತಾರೆ, ತಪ್ಪು ಸೌದೇದು. ಈ ವರ್ಷದ ಮರಗಸಿ (ತೋಟದ ನೆರಳುಮರದ ರೆಂಬೆ ಕಡಿದಿದ್ದು) ಸೌದೆ ಮಳೆಗಾಲ ಕಳೆದು ಡಿಸೆಂಬರಿಗೆ ಒಣಗಿರಲ್ಲ, ಹೋದ ವರ್ಷದ್ದು ಶೆಡ್ಡಲ್ಲಿಟ್ಟಿದ್ರೆ ಅದನ್ನ ತೆಗೀರಿ. ಎರಡು ತುಂಡು ಒಂದಕ್ಕೊಂದು ತಟ್ಟಿದ್ರೆ ಟಣ್ ಅನ್ಬೇಕು, ದಪ್ ಅಂದ್ರೆ ವಾಪಸ್ ಶೆಡ್ಡಿಗೆ. ಸಿಲ್ವರ್ ಓಕ್ ಬೇಗ ಉರಿದು ಹೋಗತ್ತೆ, ಹಚ್ಚೋಕೆ ಆಗತ್ತೆ, ಕಾಫಿ ಬೊಡ್ಡೆ ಕೆಂಡ ನಿಲ್ಲತ್ತೆ. ಬಿದಿರಾದ್ರೆ ಸೀಳಿ ಹಾಕಿ, ಇಡೀ ಗಂಟು ಪಟಾಕಿ ಥರ ಸಿಡಿಯತ್ತೆ. ಕಣಗಿಲೆ ಕಡ್ಡಿ, ಬಣ್ಣ ಬಳ್ದ ಮರ, ಪ್ಲೈವುಡ್ ಚೂರು ಯಾವ್ದೂ ಬೇಡ, ಹೊಗೆ ವಿಷ.

ಇನ್ನೂ ಹೊಗೆ ಕಮ್ಮಿ ಬೇಕು ಅಂದ್ರೆ ಎರಡು ಗೋಡೆಯ ಕಬ್ಬಿಣದ್ದು ಮಾಡಿಸ್ಬಹುದು, ಗೋಡೆಗಳ ಮಧ್ಯೆ ಗಾಳಿ ಕಾದು ಮೇಲಂಚಿನ ತೂತಿಂದ ಬಂದು ಹೊಗೇನೂ ಉರಿಸತ್ತೆ, ವೆಲ್ಡಿಂಗ್‌ನೋರಿಗೆ ಚಿತ್ರ ತೋರಿಸಿದ್ರೆ ಮಾಡ್ತಾರೆ. ಸತು ಲೇಪ ಇರೋ ಜಿಐ ಶೀಟಲ್ಲಿ ಮಾತ್ರ ಬೇಡ, ಸತುವಿನ ಹೊಗೆ ಎದೆಗೆ ಕೆಟ್ಟದ್ದು.

ಮೂಡಿಗೆರೆ ಕಡೆಯವ:
ತುಂಬಾ ಥ್ಯಾಂಕ್ಸ್, ರಿಂಗ್ ಕ್ಯಾನ್ಸಲ್, ಭಾವಂಗೆ ಹೇಳ್ದೆ. ಜಾಗ ಒಂದು ನೋಡಿದೀನಿ, ಮನೆಯಿಂದ ಮೂವತ್ತಡಿ, ಆದ್ರೆ ಒಂದು ಕಡೆ ಮೆಣಸಿನ ಬಳ್ಳಿ ಹಬ್ಬಿರೋ ಮರ ಹತ್ತಡಿಗಿದೆ, ಇನ್ನೊಂದು ಕಡೆ ಗೋಬರ್ ಗ್ಯಾಸ್. ನಡೆಯತ್ತಾ?

ಕೊಪ್ಪದ ತೋಟದ ಮನೆ:
ಗೋಬರ್ ಗ್ಯಾಸ್ ಹತ್ರ ಖಂಡಿತ ಬೇಡ, ಎಲ್ಲಾದ್ರೂ ಲೀಕ್ ಇದ್ರೆ ಒಂದು ಕಿಡಿ ಸಾಕು. ಮೆಣಸಿನ ಬಳ್ಳಿ ಹತ್ತಡಿಗಿದ್ರೆ ಕಾವಿಗೇ ಎಲೆ ಬಾಡ್ಬಹುದು, ರೆಂಬೆ ಗುಂಡಿ ಮೇಲೆ ಚಾಚಿದ್ರಂತೂ ಇಲ್ಲವೇ ಇಲ್ಲ. ಕಣದ ಅಂಚಲ್ಲಿ ಜಾಗ ಇಲ್ವಾ, ಮೇಲೆ ಆಕಾಶ ಕಾಣೋ ಕಡೆ? ಕಾಫಿ ಹರವೋ ಹೊತ್ತಿಗೆ ಮಾತ್ರ ಬೂದಿ ಹಾರದ ಹಾಗೆ ಮುಚ್ಚಳ ಹಾಕಿಡಿ. ಫೆಬ್ರವರಿಯಿಂದ ದರಗು (ಉದುರಿದ ಎಲೆ) ಒಣಗಿದ್ಮೇಲೆ ನಾವಂತೂ ಹಚ್ಚೋದೇ ಇಲ್ಲ. ಮತ್ತೆ ಬೂದಿನ ಅವತ್ತೇ ಗೊಬ್ಬರ ಗುಂಡಿಗೆ ಹಾಕ್ಬೇಡಿ, ಮೇಲೆ ಬೆಳ್ಳಗೆ ಕಾಣತ್ತೆ, ಕೈಯಾಡ್ಸಿದ್ರೆ ಅಡಿಲಿ ಕೆಂಡ ಇರತ್ತೆ. ನೀರು ಹಾಕಿ ಕದಡಿ ಮಾರನೇ ದಿನ ತೆಗೀರಿ.