ಐಆರ್ ತರಬೇತಿಗೆ ಯಾವ ಶಾಲೆ? ಕಲಬುರಗಿ ಸಾಕಾ, ದೂರ ಹೋಗಬೇಕಾ?

ಗಂಗಾವತಿ_172

ಎಲ್ಲಾರಿಗೂ ನಮಸ್ಕಾರ್ರಿ. ಸಿಪಿಎಲ್‌ನ (ಕಮರ್ಷಿಯಲ್ ಪೈಲಟ್ ಲೈಸೆನ್ಸು) 200 ತಾಸು ಮುಗಿಯಾಕ ಬಂದಾವು. ಈಗಿರೋ ಶಾಲೆಯೊಳಗ ಅವಳಿ ಎಂಜಿನ್ ವಿಮಾನ ಇಲ್ಲ. ಅದಕ್ಕ ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್, ಹೊರಗ ನೋಡದ ಬರೀ ಉಪಕರಣ ನೋಡಿ ಹಾರೋ ಅರ್ಹತಿ), ಮಲ್ಟಿ (ಅವಳಿ ಎಂಜಿನ್ ಅರ್ಹತಿ) ಎರಡೂ ಬ್ಯಾರೆ ಕಡೆ ಮಾಡ್ಬೇಕು. ಲಾಗ್‌ಬುಕ್ಕಿನಾಗ ಇನ್‌ಸ್ಟ್ರುಮೆಂಟ್ 10 ತಾಸು ಅದಾವ, ಅದರಾಗ 5 ಸಿಮ್ಯುಲೇಟರ್.

ಮೂರು ದಾರಿ ಕಾಣ್ತಾವ. ಕಲಬುರಗಿ: ಮನೀಗೆ ಹತ್ತಿರ, ಊಟ-ವಸತಿ ಖರ್ಚು ಕಡಿಮಿ. ಉತ್ತರ ಪ್ರದೇಶದ ಕಡೆ ಒಂದು ದೊಡ್ಡ ಶಾಲೆ: ವಿಮಾನ ಭಾಳ, ಸಿಮ್ಯುಲೇಟರ್ ಸ್ವಂತದ್ದು. ಅವರ ಪ್ಯಾಕೇಜು ಸಿಮ್ಯುಲೇಟರ್ 20, ವಿಮಾನ 10, ಒಟ್ಟು 30. ಪೂರ್ತಿ ರೊಕ್ಕ ಮುಂಗಡ ಕಟ್ಟಿದ್ರ ರಿಯಾಯಿತಿ. ಮೂರನೇದು ಅಮೆರಿಕ, "ಮೂರು ವಾರದಾಗ ಮುಗೀತದ" ಅಂತಾರ.

ಯಾವುದನ್ನ ನೋಡಿ ಆರಿಸ್ಬೇಕು? ಬರೀ ರೊಕ್ಕ ನೋಡಿ ಹೋಗಬ್ಯಾಡ ಅಂತ ಎಲ್ಲಾರೂ ಹೇಳ್ತಾರ. ಮತ್ತೇನು ನೋಡ್ಬೇಕು ಅನ್ನೋದು ಯಾರೂ ಹೇಳವಲ್ರು.

---

ರೇಡಿಯಲ್_270, ಬಳ್ಳಾರಿ

ಮೊದಲು ಆ 20+10 ಪ್ಯಾಕೇಜನ್ನ ಪಕ್ಕಕ್ಕಿಡಿ. ನಿಮ್ಮ ಲಾಗ್‌ಬುಕ್ಕಿಗೆ ಅದು ಹೊಂದಲ್ಲ.

ಐಆರ್‌ಗೆ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೇಳೋದು ಒಟ್ಟು 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ. ಅದರಲ್ಲಿ ಸಿಮ್ಯುಲೇಟರ್‌ದು 20ಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರಲ್ಲ. ನಿಮ್ಮ ಹತ್ತಿರ ಆಗಲೇ 5 ಇದೆ. ಮೇಲೆ 20 ಮಾಡಿದರೆ 25 ಆಯಿತು, ಹೆಚ್ಚಿನ 5 ಗಂಟೆಯ ದುಡ್ಡು ಹೊಳೆಗೆ. ವಿಮಾನದ್ದು 5 ಮತ್ತು 10 ಸೇರಿ 15. ಅಲ್ಲಿಗೆ ಲೆಕ್ಕಕ್ಕೆ ಸಿಗೋದು 35 ಮಾತ್ರ, ಅರ್ಜಿ ವಾಪಸ್ ಬರುತ್ತೆ. ನಿಮಗೆ ಬೇಕಿರೋದು ಸಿಮ್ಯುಲೇಟರ್ 15, ವಿಮಾನ 15. ಶಾಲೆಯವರು ಮೋಸ ಮಾಡ್ತಿದ್ದಾರೆ ಅಂತಲ್ಲ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಿಟ್ಟಿರ್ತಾರೆ, ಅಷ್ಟೇ. ಲಾಗ್‌ಬುಕ್ಕಿನ ಕೊನೇ ಪುಟದ ಒಟ್ಟು ಲೆಕ್ಕ ಮುಂದಿಟ್ಟು "ನನಗೆ ಬೇಕಾದಷ್ಟಕ್ಕೆ ದರ ಕೊಡಿ" ಅನ್ನಿ. ಕೊಡದಿದ್ದರೆ ಅಲ್ಲಿಗೆ ಮಾತು ಮುಗೀತು.

ಕ್ರಾಸ್ ಕಂಟ್ರಿ (ಊರಿಂದೂರಿಗೆ ಹಾರಾಟ) ಪಿಐಸಿ (ವಿಮಾನದ ಹೊಣೆ ನಿಮ್ಮದೇ ಆಗಿ ಹಾರಿದ್ದು) 50 ಗಂಟೆ ಇದೆಯಾ ಅಂತಲೂ ಈಗಲೇ ಎಣಿಸಿಕೊಳ್ಳಿ. ಸಿಪಿಎಲ್‌ಗೆ 20 ಸಾಕು, ಐಆರ್‌ಗೆ 50 ಬೇಕು. ಪಕ್ಕದಲ್ಲಿ ಬೋಧಕರನ್ನ ಕೂರಿಸಿಕೊಂಡು ಹುಡ್ (ಹೊರಗಿನ ನೋಟ ಮರೆಮಾಡೋ ಮುಸುಕು) ಹಾಕಿ ಹಾರಿದ್ದು ಡ್ಯುಯಲ್, ಅದನ್ನ ಪಿಐಸಿ ಕಾಲಮ್ಮಿಗೆ ತರೋಕಾಗಲ್ಲ. ಈ 50ರಲ್ಲಿ ಕೊರತೆ ಇದ್ದರೆ ಈಗಿನ ಶಾಲೆಯಲ್ಲೇ ಒಂಟಿ ಎಂಜಿನ್ ಮೇಲೆ ಮುಗಿಸಿಕೊಂಡು ಹೊರಡಿ. ಹೊಸ ಶಾಲೆಗೆ ಹೋದರೆ ಮತ್ತೆ ಆ ಜಾಗದ ಪರಿಚಯ ಹಾರಾಟ, ಚೆಕ್ (ಹಾರಾಟ ಪರೀಕ್ಷೆ) ಅಂತ ಗಂಟೆ ಹೋಗುತ್ತೆ.

ಸಿಮ್ಯುಲೇಟರ್ ಸ್ವಂತದ್ದು ಅನ್ನೋದು ದೊಡ್ಡ ವಿಷಯ ಅಲ್ಲ. ಡಿಜಿಸಿಎ ಒಪ್ಪಿಗೆ ಪತ್ರದ ನಕಲು ಕೇಳಿ. ಅದರಲ್ಲಿ ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ಯಾವ ದಿನಾಂಕದವರೆಗೆ ಅನ್ನೋದು ಇರುತ್ತೆ. ನಿಮ್ಮ ತರಬೇತಿ ನಡುವೆ ಅವಧಿ ತೀರುತ್ತೆ ಅಂದರೆ ನವೀಕರಣಕ್ಕೆ ಅರ್ಜಿ ಹಾಕಿದ್ದಾರಾ ಕೇಳಿ. ಒಪ್ಪಿಗೆ ಇಲ್ಲದ ದಿನ ಮಾಡಿದ ಗಂಟೆ ಆಟ ಆಡಿದ ಹಾಗೆ.

ಮುಂಗಡದ ವಿಷಯ: ಬೇಡ. 5 ಅಥವಾ 10 ಗಂಟೆಯ ಕಂತಿನಲ್ಲಿ ಕಟ್ಟಿ, ಉಳಿದ ದುಡ್ಡು ಎಷ್ಟು ದಿನದಲ್ಲಿ ವಾಪಸ್ ಅನ್ನೋದು ಬರವಣಿಗೆಯಲ್ಲಿರಲಿ. ಬಿಲ್ಲು ಯಾವ ಮೀಟರಿನ ಮೇಲೆ ಅಂತ ಕೇಳಿ. ಹಾಬ್ಸ್ ಮೀಟರು ಎಂಜಿನ್ ಶುರುವಾದಾಗಿಂದ ಗಡಿಯಾರದ ಹಾಗೆ ಓಡುತ್ತೆ. ಟ್ಯಾಕ್ ಮೀಟರು ಆರ್‌ಪಿಎಂಗೆ ತಕ್ಕ ಹಾಗೆ, ನೆಲದ ಮೇಲೆ ನಿಧಾನ. ಪ್ರಯಾಣಿಕರ ಕಂಪನಿ ವಿಮಾನ ಇಳಿಯೋವರೆಗೂ ಟ್ಯಾಕ್ಸಿವೇಯಲ್ಲಿ ಕಾಯಿಸೋ ನಿಲ್ದಾಣದಲ್ಲಿ ಈ ವ್ಯತ್ಯಾಸ ಜೇಬಿಗೆ ತಾಗುತ್ತೆ. ಇಳಿದಾಣ ಶುಲ್ಕ, ಪರೀಕ್ಷಕರ ಶುಲ್ಕ, ಚೆಕ್ ದಿನದ ವಿಮಾನದ ಬಾಡಿಗೆ ಒಳಗೋ ಹೊರಗೋ ಅಂತಲೂ ಬರೆಸಿಕೊಳ್ಳಿ. ಡಿಜಿಸಿಎ ಒಪ್ಪಿದ ಶಾಲೆಯ ಒಪ್ಪಿದ ಕೋರ್ಸಿಗೆ ಜಿಎಸ್‌ಟಿ ಇಲ್ಲ ಅಂತ 2024ರ ಸೆಪ್ಟೆಂಬರಿನ ಜಿಎಸ್‌ಟಿ ಮಂಡಳಿ ಸಭೆಯಲ್ಲೇ ಸ್ಪಷ್ಟ ಆಗಿದೆ. ಕೊಟೇಶನ್ನಿನಲ್ಲಿ ತರಬೇತಿ ಶುಲ್ಕದ ಮೇಲೆ ಆ ಸಾಲು ಇನ್ನೂ ಇದ್ದರೆ ಯಾತಕ್ಕೆ ಅಂತ ಕೇಳಿ.

---

ಮಾನ್ವಿ_ಎನ್‌ಡಿಬಿ

ಅಣ್ಣಾರು ಲೆಕ್ಕ ಸರಿ ಹೇಳ್ಯಾರ. ನಾ ಹೇಳೋದು ಬ್ಯಾರೆ. ಶಾಲೆಗಿಂತ ಮೊದಲು ಆ ನಿಲ್ದಾಣ ನೋಡ್ರಿ.

ಏರ್‌ಪೋರ್ಟ್ಸ್ ಅಥಾರಿಟಿಯ ಇ-ಎಐಪಿ (ನಿಲ್ದಾಣಗಳ ಅಧಿಕೃತ ಮಾಹಿತಿ ಪುಸ್ತಕ) ಪುಕ್ಕಟೆ ಸಿಗ್ತದ. ಅದರಾಗ ಒಂದೊಂದು ನಿಲ್ದಾಣಕ್ಕೂ ಎಡಿ 2 ಅಂತ ಭಾಗ ಇರ್ತದ. ತೆಗೆದು ಎಡಿ 2.19 ಓದ್ರಿ: ಅಲ್ಲಿ ವಿಒಆರ್ (ದಿಕ್ಕು ಹೇಳೋ ರೇಡಿಯೋ) ಐತೋ, ಡಿಎಂಇ (ದೂರ ಹೇಳೋದು) ಐತೋ, ಐಎಲ್‌ಎಸ್ (ರನ್‌ವೇಗೆ ಇಳಿಯಾಕ ದಾರಿ ತೋರ್ಸೋ ರೇಡಿಯೋ) ಐತೋ, ಯಾವ ರನ್‌ವೇ ತುದಿಗೆ, ಎಲ್ಲಾ ಪಟ್ಟಿ. ಎಡಿ 2.3ರಾಗ ನಿಲ್ದಾಣ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ತೆರೆದಿರ್ತದ ಅನ್ನೋದು. ಕೊನೀಗೆ ಅಪ್ರೋಚ್ (ಇಳಿಯಾಕ ರನ್‌ವೇ ಕಡೆ ಬರೋ ದಾರಿ) ಚಾರ್ಟುಗಳು. ಆಮ್ಯಾಲ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸೋ ತಾತ್ಕಾಲಿಕ ಸೂಚನೆ) ನೋಡ್ರಿ. ಕಾಗದದ ಮ್ಯಾಲ ಐಎಲ್‌ಎಸ್ ಇದ್ದು, ರಿಪೇರಿ ಅಂತ ತಿಂಗಳುಗಟ್ಟಲೆ ಬಂದ್ ಇದ್ರ ಏನು ಉಪಯೋಗ?

ಶಾಲೆಯವರಿಗೆ ಒಂದೇ ಪ್ರಶ್ನೆ ಹಾಕ್ರಿ: "ವಿಮಾನದಾಗ ನಾ ಹಾರೋ 15 ತಾಸಿನೊಳಗ ಎಷ್ಟು ಐಎಲ್‌ಎಸ್, ಎಷ್ಟು ವಿಒಆರ್, ಎಷ್ಟು ಆರ್‌ಎನ್‌ಪಿ (ಜಿಪಿಎಸ್ ಮ್ಯಾಲಿನ) ಅಪ್ರೋಚ್, ಎಷ್ಟು ಹೋಲ್ಡಿಂಗ್ (ಸುತ್ತು ಹಾಕ್ಕೋತ ಕಾಯೋದು)? ಯಾವ ನಿಲ್ದಾಣದಾಗ?" ಸಿಲಬಸ್ ಇಟ್ಟುಕೊಂಡ ಶಾಲೆಯವರು ಪಾಠದ ನಂಬರಿನ ಜೊತಿಗೆ ಹೇಳ್ತಾರ. "ಅದೆಲ್ಲಾ ಆಗ್ತದ ಬಿಡ್ರಿ" ಅಂದ್ರ, 15 ತಾಸು ಹುಡ್ ಹಾಕ್ಕೊಂಡು ನೇರ ಹೋಗಿ ನೇರ ಬರೋದೇ ಗತಿ. ತಾಸು ತುಂಬ್ತದ, ಚೆಕ್ ದಿನ ಹೋಲ್ಡಿಂಗ್ ಎಂಟ್ರಿ ಕೇಳಿದ್ರ ಕೈ ನಡುಗ್ತದ.

ಐಎಲ್‌ಎಸ್ ಇಲ್ಲದ ನಿಲ್ದಾಣದ ಶಾಲೆ ಐಆರ್‌ಗೆ ಬ್ಯಾಡೇ ಬ್ಯಾಡ ಅಂತೀನಿ.

---

ತುಂಗಭದ್ರಾ_ಫೈನಲ್, ಕೊಪ್ಪಳ

ಕೊನೇ ಮಾತು ಒಪ್ಪೋಕಾಗಲ್ಲ. ಐಎಲ್‌ಎಸ್ ಇರೋ ದೊಡ್ಡ ನಿಲ್ದಾಣದಲ್ಲಿ ತರಬೇತಿ ವಿಮಾನಕ್ಕೆ ಸರದಿ ಬರೋದು ಕೊನೆಗೆ. ಒಂದು ಅಪ್ರೋಚ್ ಮಾಡಿ ಮಿಸ್ಡ್ (ಇಳಿಯದೆ ಮತ್ತೆ ಮೇಲೇರೋದು) ಹೋಗಿ ಮತ್ತೆ ಬರೋಕೆ ಎಟಿಸಿ (ವಿಮಾನ ಸಂಚಾರ ನಿಯಂತ್ರಕರು) ಮೂರು ಕಂಪನಿ ವಿಮಾನದ ಹಿಂದೆ ನಿಲ್ಲಿಸಿದರೆ ಗಂಟೆಗೆ ಎರಡು ಅಪ್ರೋಚ್ ಆದರೆ ಪುಣ್ಯ. ಸಣ್ಣ ನಿಲ್ದಾಣದಲ್ಲಿ ವಿಒಆರ್ ಮೇಲೆ ಹೋಲ್ಡಿಂಗ್, ಅಪ್ರೋಚ್ ಬೇಕಾದಷ್ಟು ಸಲ ಮಾಡಬಹುದು. ಐಎಲ್‌ಎಸ್‌ಗೆ ಎರಡು ಮೂರು ಸಲ ಬೇರೆ ನಿಲ್ದಾಣಕ್ಕೆ ಹೋಗಿ ಬಂದರಾಯ್ತು. ಆ ಹೋಗೋ ಬರೋ ದಾರಿ ಸುಮ್ಮನೆ ಅಲ್ಲ, ಹುಡ್ ಕೆಳಗೆ ರೇಡಿಯಲ್ (ವಿಒಆರ್‌ನಿಂದ ಹೊರಡೋ ದಿಕ್ಕಿನ ಗೆರೆ) ಹಿಡಿಯೋದು, ಡಿಎಂಇ ಆರ್ಕ್ (ಒಂದೇ ದೂರದಲ್ಲಿ ಕಮಾನಾಗಿ ಹಾರೋದು), ಇಟಿಎ (ತಲುಪೋ ಹೊತ್ತು) ಕೊಡೋದು ಎಲ್ಲಾ ಐಆರ್ ಪಾಠವೇ. ಆದರೆ ಆ ನಿಲ್ದಾಣ ಒಂದು ಗಂಟೆಗಿಂತ ದೂರ ಇದ್ದರೆ ಖರ್ಚು ಮೈಮೇಲೆ ಬರುತ್ತೆ, ಅಲ್ಲಿ ಮಾನ್ವಿ_ಎನ್‌ಡಿಬಿಯವರ ಮಾತು ಸರಿ.

ಐಎಲ್‌ಎಸ್‌ನ ಹೆಚ್ಚು ಕೆಲಸ ಸಿಮ್ಯುಲೇಟರಿನಲ್ಲಿ ತೀರಿಸಿ. 90 ನಾಟ್ ನೆಲವೇಗದಲ್ಲಿ 3 ಡಿಗ್ರಿ ಗ್ಲೈಡ್‌ಸ್ಲೋಪಿಗೆ (ಐಎಲ್‌ಎಸ್ ತೋರಿಸೋ ಇಳಿಜಾರು ದಾರಿ) ವೇಗದ ಐದು ಪಟ್ಟು, ನಿಮಿಷಕ್ಕೆ ಸುಮಾರು 450ರಿಂದ 480 ಅಡಿ ಇಳಿತ. ಎದುರುಗಾಳಿಗೆ ನೆಲವೇಗ ಇಳಿದರೆ ಇನ್ನೂ ಕಡಿಮೆ. ಈ ಸಂಖ್ಯೆ ಮೊದಲೇ ಹಿಡಿದು ಕೂರದವರು ಸೂಜಿಯ ಹಿಂದೆ ಓಡ್ತಾರೆ: ಸೂಜಿ ಮೇಲೆ ಹೋಯ್ತು ಅಂತ ಮೂತಿ ಎತ್ತೋದು, ಕೆಳಗೆ ಬಂತು ಅಂತ ತಳ್ಳೋದು. ನೆಲ ಹತ್ತಿರ ಬಂದಷ್ಟೂ ಸೂಜಿ ಚುರುಕಾಗುತ್ತೆ, ಕೊನೇ 500 ಅಡಿಯಲ್ಲಿ ಎಲ್ಲಾ ಕೆಡುತ್ತೆ. ಸಿಮ್ಯುಲೇಟರಿನಲ್ಲಾದರೆ ಅಲ್ಲೇ ನಿಲ್ಲಿಸಿ, ಐದು ಮೈಲು ಹಿಂದಕ್ಕೆ ಇಟ್ಟು ಮತ್ತೆ ಬಿಡಬಹುದು. ಸಿಮ್ಯುಲೇಟರಿಗೆ ಬೋಧಕರು ಕೂರ್ತಾರೋ, ಯಂತ್ರ ಹಚ್ಚಿಕೊಟ್ಟು ಎದ್ದು ಹೋಗ್ತಾರೋ ಅನ್ನೋದನ್ನ ಅಲ್ಲಿ ಕಲಿಯೋ ಹುಡುಗರನ್ನೇ ಕೇಳಿ.

---

ಗಂಗಾವತಿ_172

ಭಾಳ ಉಪಕಾರ ಆತು. ಎರಡು ಪ್ರಶ್ನೆ ಉಳಿದಾವ. ಗ್ಲಾಸ್ ಕಾಕ್‌ಪಿಟ್ಟೋ (ಪರದೆ ಮ್ಯಾಲ ಎಲ್ಲಾ ತೋರ್ಸೋದು), ಹಳೇ ಗಡಿಯಾರದ (ಮುಳ್ಳಿನ ಡಯಲ್) ಪ್ಯಾನಲ್ಲೋ? ಮತ್ತ ನಮ್ಮ ಕಡೆ ಬಿಸಿಲಾಗ ಬ್ಯಾಸಗಿ ತರಬೇತಿ ಸರಿ ಆಗ್ತದೋ ಇಲ್ಲೋ, ಉತ್ತರಕ್ಕ ಹೋಗೋದೇ ಚಲೋನೋ?

---

ರೇಡಿಯಲ್_270, ಬಳ್ಳಾರಿ

ಬಿಸಿಲಿಂದ ಶುರು ಮಾಡೋಣ, ಅದೇ ಮುಖ್ಯ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,600 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 12 ಡಿಗ್ರಿ ಹತ್ತಿರ. ಮಧ್ಯಾಹ್ನ 40 ಡಿಗ್ರಿ ಅಂದರೆ 28 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿ ಹಿಡಿದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ತೆಳುವಾಗಿ ವಿಮಾನಕ್ಕೆ ಅನ್ನಿಸೋ ಎತ್ತರ) 5,000 ಅಡಿ ಮುಟ್ಟುತ್ತೆ. ಕಲಬುರಗಿ, ರಾಯಚೂರು ಕಡೆ ಬಿಸಿಲೇನೂ ಕಡಿಮೆ ಇಲ್ಲ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳಕೊಳ್ಳುತ್ತೆ. ಒಂಟಿ ಎಂಜಿನ್ನಿನ ಸೆಸ್ನಾ 172ರಲ್ಲಿ ಅದು ಬರೀ ನಿಧಾನ ಏರಿಕೆ. ಅವಳಿ ಎಂಜಿನ್ನಿನಲ್ಲಿ ಹಾಗಲ್ಲ: ಒಂದು ಎಂಜಿನ್ ಹೋದರೆ ಶಕ್ತಿ ಅರ್ಧ ಹೋಗುತ್ತೆ, ಏರುವ ಸಾಮರ್ಥ್ಯ ಶೇ 80ಕ್ಕೂ ಹೆಚ್ಚು ಹೋಗುತ್ತೆ. ಇದರ ಮೇಲೆ ಆ ಬಿಸಿಲು. ಮಲ್ಟಿ ಐಆರ್‌ನಲ್ಲಿ ಒಂಟಿ ಎಂಜಿನ್ ಮೇಲೆ ಅಪ್ರೋಚ್, ಮಿಸ್ಡ್ ಎಲ್ಲಾ ಮಾಡಿಸ್ತಾರೆ. ಅದನ್ನ ಏಪ್ರಿಲ್-ಮೇ ಮಧ್ಯಾಹ್ನ ಮಾಡಿಸೋ ಶಾಲೆಯಾದರೆ ಕೈ ಮುಗಿದು ಬನ್ನಿ. ಬೆಳಿಗ್ಗೆ 6ರಿಂದ 10ರೊಳಗೆ ನಿಮಗೆ ಸ್ಲಾಟ್ ಸಿಗುತ್ತಾ ಅಂತ ಕೇಳಿ. ಮಧ್ಯಾಹ್ನದ ಗಾಳಿಯ ಒದೆತದಲ್ಲಿ ಹುಡ್ ಹಾಕಿದವರಿಗೆ ಸ್ಕ್ಯಾನ್ (ಉಪಕರಣಗಳ ಮೇಲೆ ಕಣ್ಣಾಡಿಸೋದು) ಕಲಿಯೋಕಾಗಲ್ಲ, ವಾಂತಿ ತಡೆಯೋದೇ ಕೆಲಸ.

ಹಾಗಂತ ಉತ್ತರವೇನೂ ಸ್ವರ್ಗ ಅಲ್ಲ. ಗಂಗಾ ಬಯಲಲ್ಲಿ ಡಿಸೆಂಬರ್-ಜನವರಿ ಮಂಜು ಕವಿದರೆ ಬೆಳಗಿನ ಹೊತ್ತೆಲ್ಲಾ ನೆಲದ ಮೇಲೆ. ಐಆರ್ ತರಬೇತಿ ಅಲ್ವಾ, ಮಂಜಿನಲ್ಲೇ ಹಾರಬಹುದಲ್ಲ ಅಂತ ಕೇಳ್ತಾರೆ ಕೆಲವರು. ಹಾರಿಸಲ್ಲ. ಶಾಲೆಗಳಲ್ಲಿ ಹುಡ್ ಹಾಕಿಸೋದು ಆಕಾಶ ತಿಳಿಯಾಗಿದ್ದಾಗಲೇ. ನಮ್ಮ ಕಡೆ ಮಳೆ ಕಡಿಮೆ, ನವೆಂಬರಿನಿಂದ ಫೆಬ್ರವರಿ ಹಾರಾಟಕ್ಕೆ ಹೇಳಿ ಮಾಡಿಸಿದ ಕಾಲ. ಆ ನಾಲ್ಕು ತಿಂಗಳಾದರೆ ಇಲ್ಲೇ ಇರಿ.

ವಿಮಾನ ಎಷ್ಟಿವೆ ಅಂತ ಕೇಳಬೇಡಿ, ಈ ವಾರ ಹಾರ್ತಿರೋ ಅವಳಿ ಎಂಜಿನ್ ಎಷ್ಟು, ಅದಕ್ಕೆ ಕಾದಿರೋ ಹುಡುಗರು ಎಷ್ಟು ಅಂತ ಕೇಳಿ. ಬಹಳ ಕಡೆ ಅವಳಿ ಒಂದೇ ಇರುತ್ತೆ. ಅದು 100 ಗಂಟೆ ತಪಾಸಣೆಗೆ ಹೋಗಿ ಬಿಡಿಭಾಗ ಬರೋದು ತಡವಾದರೆ ಎಲ್ಲರ ಐಆರ್ ನಿಂತಂತೆ. ಇಂಧನವನ್ನೂ ನೋಡಿ: ಡಿಎ42ರಂಥ ಅವಳಿಯ ಡೀಸೆಲ್ ಎಂಜಿನ್ನಿಗೆ ಸಾಮಾನ್ಯ ಎಟಿಎಫ್ (ಜೆಟ್ ಇಂಧನ) ನಡೆಯುತ್ತೆ, ಟರ್ಬೊ ಇರೋದ್ರಿಂದ ಬಿಸಿಲಿನ ಹೊಡೆತವೂ ಕಡಿಮೆ. ಪೆಟ್ರೋಲ್ ಎಂಜಿನ್ನಿಗೆ ಎವಿಗ್ಯಾಸ್ 100ಎಲ್‌ಎಲ್ ಬೇಕು, ಸಣ್ಣ ನಿಲ್ದಾಣಕ್ಕೆ ಅದರ ಪೀಪಾಯಿ ಬರೋದು ತಡವಾದರೆ ವಿಮಾನ ಸರಿ ಇದ್ದೂ ಕೂತಿರುತ್ತೆ.

ಡಿಜಿಸಿಎ 2025ರ ಅಕ್ಟೋಬರಿನಿಂದ ಶಾಲೆಗಳಿಗೆ ಎ++, ಎ+, ಎ, ಬಿ ಅಂತ ದರ್ಜೆ ಕೊಡ್ತಿದೆ. ನೋಡಿ, ಆದರೆ ಅದು ಇಡೀ ಶಾಲೆಯ ಅಂಕ. ಅಲ್ಲಿನ ಅವಳಿ ಎಂಜಿನ್ ಈ ತಿಂಗಳು ಹಾರ್ತಿದೆಯಾ ಅಂತ ಅದು ಹೇಳಲ್ಲ.

---

ತುಂಗಭದ್ರಾ_ಫೈನಲ್, ಕೊಪ್ಪಳ

ಗ್ಲಾಸೋ ಗಡಿಯಾರವೋ ಅನ್ನೋದಕ್ಕೆ: ಚೆಕ್ ಯಾವ ವಿಮಾನದ ಮೇಲೋ ಅದೇ ಪ್ಯಾನಲ್ಲಿನ ಸಿಮ್ಯುಲೇಟರ್ ಇರೋ ಶಾಲೆ. 15 ಗಂಟೆ ಗಡಿಯಾರದ ಮೇಲೆ ಕಲಿತು ಜಿ1000 (ಒಂದು ಗ್ಲಾಸ್ ಪ್ಯಾನಲ್) ಅವಳಿಯಲ್ಲಿ ಕೂತರೆ ಬಟನ್ ಹುಡುಕೋದರಲ್ಲೇ ಮೂರು ನಾಲ್ಕು ಗಂಟೆ ಹೋಗುತ್ತೆ, ಅದೂ ಅವಳಿಯ ದರದಲ್ಲಿ. ಗಡಿಯಾರದಲ್ಲಿ ಕಲಿತವರ ಸ್ಕ್ಯಾನ್ ಗಟ್ಟಿ ಅನ್ನೋದು ನಿಜವೇ, ಆದರೆ ನಿಮ್ಮ ಸಿಪಿಎಲ್ ಈಗಾಗಲೇ ಅದರ ಮೇಲೆ ಆಗಿದ್ದರೆ ಸಾಕು.

ಎರಡರಲ್ಲೂ ಕೆಟ್ಟಾಗ ಏನು ಅನ್ನೋದನ್ನ ಕಲಿಸ್ತಾರಾ ನೋಡಿ. ಗಡಿಯಾರದ ಪ್ಯಾನಲ್ಲಿನಲ್ಲಿ ವ್ಯಾಕ್ಯೂಮ್ ಪಂಪು ಹೋದರೆ ಆಟಿಟ್ಯೂಡ್ (ವಿಮಾನದ ವಾಲು), ಹೆಡಿಂಗ್ (ದಿಕ್ಕು) ಎರಡೂ ಮೆಲ್ಲಗೆ ಸುಳ್ಳು ಹೇಳ್ತಾವೆ, ಟರ್ನ್ ಕೋಆರ್ಡಿನೇಟರ್ (ತಿರುವು ತೋರಿಸೋದು) ಕರೆಂಟಿನದ್ದು, ಅದು ನಿಜ ಹೇಳುತ್ತೆ. ಗ್ಲಾಸಿನಲ್ಲಿ ಕೆಂಪು ಗೀಟು ಬಂದು ಎದ್ದು ಕಾಣುತ್ತೆ, ಆದರೆ ಅಲ್ಲಿ ಬೇರೆ ಬಲೆ ಇದೆ: ಐಎಲ್‌ಎಸ್ ಟ್ಯೂನ್ ಮಾಡಿ, ಮೋರ್ಸ್ ಗುರುತು ಕೇಳಿ, ಎಲ್ಲಾ ಸರಿ ಮಾಡಿ ಸಿಡಿಐ (ದಾರಿ ತಪ್ಪಿದ್ದನ್ನ ತೋರಿಸೋ ಸೂಜಿ) ಮಾತ್ರ ಜಿಪಿಎಸ್ ಮೇಲೇ ಬಿಟ್ಟಿರೋದು. ಸೂಜಿ ನಡುವೆ ಚಂದ ನಿಂತಿರುತ್ತೆ, ಗ್ಲೈಡ್‌ಸ್ಲೋಪ್ ಬರೋದೇ ಇಲ್ಲ.

---

ಮಾನ್ವಿ_ಎನ್‌ಡಿಬಿ

ಅಮೆರಿಕದ ಬಗ್ಗೆ ಯಾರೂ ಮಾತಾಡಿಲ್ಲ. ಬರೀ ಐಆರ್‌ಗಂತ ಹೋಗಬ್ಯಾಡ್ರಿ. ಎಂ-1 (ತರಬೇತಿಯ) ವೀಸಾ, ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಅನುಮತಿ, ಅಲ್ಲಿನ ಲೈಸೆನ್ಸು, ಎಲ್ಲಾ ಆಗಿ ಬಂದ ಮ್ಯಾಲ ಇಲ್ಲಿ ಮತ್ತ ಚೆಕ್ ಕೊಡಬೇಕು. ಪಾರ್ಟ್ 141 (ಅಲ್ಲಿನ ಸರ್ಕಾರ ಒಪ್ಪಿದ ಸಿಲಬಸ್ಸಿನ) ಶಾಲೆಯಾಗ ಐಆರ್ ಕೋರ್ಸು 35 ತಾಸಿಗೇ ಮುಗೀತದ, ನಮ್ಮಲ್ಲಿ ಬೇಕಾಗಿದ್ದು 40. ನಿಮಗೆ ಹಿಂದಿನ 10 ಅದಾವ, ನಡೀತದ, ಇಲ್ಲದವರು ಸಿಕ್ಕಿಬೀಳ್ತಾರ. ಅಲ್ಲಿ ಬೋಧಕರ ಜೊತಿ ಹಾರಿದ್ದನ್ನ ಡ್ಯುಯಲ್ ಅಂತನೂ ಪಿಐಸಿ ಅಂತನೂ ಬರೀತಾರ, ಇಲ್ಲಿ ಅದು ಡ್ಯುಯಲ್ ಅಷ್ಟೇ.

ಮತ್ತ ಕಲಬುರಗಿಗೆ ಒಂದು ದಿನ ಹೋಗಿ ಬರ್ರಿ, ಫೋನಿನಾಗ ತೀರ್ಮಾನ ಮಾಡಬ್ಯಾಡ್ರಿ. ಹೋದಾಗ ವಿಮಾನದಾಗ ಕೂತು ಮಾಸ್ಟರ್ ಸ್ವಿಚ್ ಹಾಕಿಸಿ, ಜಿ1000 ಚಾಲೂ ಆದಾಗ ಡೇಟಾಬೇಸ್ ದಿನಾಂಕ ತೋರಿಸ್ತದ, ಅದನ್ನ ನೋಡ್ರಿ. ನ್ಯಾವಿಗೇಶನ್ ಡೇಟಾ 28 ದಿನಕ್ಕೊಮ್ಮೆ ಹೊಸದು ಬರ್ತದ. ವರ್ಷದ ಹಿಂದಿನ ದಿನಾಂಕ ಇದ್ರ, ಆ ಶಾಲೆಯಾಗ ಆರ್‌ಎನ್‌ಪಿ ಅಪ್ರೋಚ್ ಯಾರೂ ಹಾರ್ಸಿಲ್ಲ ಅಂತನೇ ತಿಳೀರಿ. ಟೆಕ್ ಲಾಗ್ (ವಿಮಾನದ ದೋಷ ಬರೆಯೋ ಪುಸ್ತಕ) ತೋರ್ಸು ಅಂದ್ರ ತೋರ್ಸಬಹುದು, ಬಿಡಬಹುದು. ತೋರ್ಸಿದ್ರ ಹಿಂದಿನ ಒಂದು ತಿಂಗಳಿನ ಪುಟ ತಿರುವ್ರಿ: ಒಂದೇ ದೋಷ ಮತ್ತ ಮತ್ತ ಬರದಿದ್ರ ಚಲೋ, "ವಿಒಆರ್ 2 ಕೆಲಸ ಮಾಡ್ತಿಲ್ಲ" ಅಂತ ನಾಲ್ಕು ಸಲ ಬರೆದಿದ್ರ ಚಾ ಕುಡಿದು ಬಸ್ ಹತ್ರಿ.

---

ಗಂಗಾವತಿ_172

ಸರಿ ಅಣ್ಣಾ. 15+15ಕ್ಕ ದರ ಕೇಳಿ ಎರಡೂ ಕಡೆ ಮೇಲ್ ಹಾಕೀನಿ, ಎಡಿ 2.19 ಇಳಿಸಿಕೊಂಡೀನಿ. ಅಪ್ರೋಚುಗಳ ಪಟ್ಟಿ ಬಂದ ಮ್ಯಾಲ ಇಲ್ಲೇ ಹಾಕ್ತೀನಿ, ನೋಡಿ ಹೇಳ್ರಿ.